ಏಳೂವರೆಯೊಳಗೆ ಒಂದು ಫೋನ್

ತೀರ್ಥಹಳ್ಳಿಯಲ್ಲಿ ನನ್ನದು ಕೃಷಿ ಯಂತ್ರಗಳ ಅಂಗಡಿ. ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಪಂಪು, ಪೈಪು, ಮೈಲುತುತ್ತ. ಹಿಂದುಗಡೆ ರಿಪೇರಿ ಶೆಡ್ಡು. ಎಂಟು ಜನ ಕೆಲಸಕ್ಕಿದ್ದಾರೆ. ಎಂಟೂ ಜನರ ಮನೆಯಲ್ಲಿ ಅರ್ಧ ಎಕರೆಯೋ ಒಂದೆಕರೆಯೋ ಅಡಿಕೆ ತೋಟ ಇದೆ. ಹಾಗಾಗಿ ಜೂನ್ ಬಂತೆಂದರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯಲು ಊರವರೆಲ್ಲ ಸ್ಪ್ರೇಯರ್ ಹೊತ್ತು ನನ್ನಲ್ಲಿಗೆ ಬರುವ ದಿನವೇ ನಮ್ಮ ಹುಡುಗರಿಗೂ ಮನೆಯಲ್ಲಿ ಔಷಧಿ ಹೊಡೆಯುವ ದಿನ. ಮಳೆ ಒಂದು ದಿನ ಹೊಳವಾದರೆ ಯಾರು ತಾನೇ ಬಿಡುತ್ತಾರೆ?

ಮೊದಲ ಒಂಬತ್ತು ವರ್ಷ ನನ್ನ ಲೆಕ್ಕ ಒಂದೇ: ಬಂದ ದಿನಕ್ಕೆ ಸಂಬಳ, ಬಾರದ ದಿನಕ್ಕೆ ಕಡಿತ, ಜೊತೆಗೆ ನಾಲ್ಕು ಮಾತು. ಅದಕ್ಕೇ ಯಾರೂ ಮೊದಲೇ ಹೇಳುತ್ತಿರಲಿಲ್ಲ. ಬೆಳಿಗ್ಗೆ ಫೋನ್ ಸ್ವಿಚ್ ಆಫ್, ಮರುದಿನ ‘ಜ್ವರ ಇತ್ತು’.

ಒಂದು ಫೆಬ್ರವರಿಯಲ್ಲಿ ನಮ್ಮ ಮೆಕ್ಯಾನಿಕ್ ತಲೆನೋವು, ಮೈಕೈ ನೋವು ಎನ್ನುತ್ತಲೇ ಮೂರು ದಿನ ಮಾತ್ರೆ ನುಂಗಿ ಕೆಲಸ ಮಾಡಿದ. ನಾಲ್ಕನೇ ದಿನ ಶೆಡ್ಡಿನಲ್ಲೇ ಕುಸಿದ. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಗೊತ್ತಾಯಿತು. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದಾಗ ಈ ರೋಗ ಹರಡುವ ಉಣುಗು (ಉಣ್ಣಿ) ಕಚ್ಚಿತ್ತು. ‘ರಜೆ ಹಾಕು ಅಂದೆ, ಸಂಬಳ ಹಿಡೀತಾರೆ ಅಂದ್ರು’ ಎಂದು ಅವನ ಹೆಂಡತಿ ಆಸ್ಪತ್ರೆಯಲ್ಲಿ ನನಗೇ ಹೇಳಿದಾಗ ತಲೆ ಎತ್ತಲಾಗಲಿಲ್ಲ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಜ್ವರ ಬಿಟ್ಟ ಐದನೇ ದಿನ ನಾನೇ ಫೋನ್ ಮಾಡಿ ಕರೆಸಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು, ನಮ್ಮ ಜಿಲ್ಲೆಯದೇ. ಜ್ವರ ಬಿಟ್ಟು, ಒಂದೆರಡು ವಾರದಲ್ಲಿ ಕೆಲವರಿಗೆ ಎರಡನೇ ಸಲ ಮರಳುತ್ತದೆ ಎಂಬುದು ಇಲ್ಲೇ ಹುಟ್ಟಿ ಬೆಳೆದ ನನಗೆ ತಿಳಿದಿರಲಿಲ್ಲ.

ಆ ವರ್ಷ ಲೆಕ್ಕಪತ್ರ ನೋಡುವವರ ಬಳಿ ಕೂತು ವಿಚಾರಿಸಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನನ್ನಂಥ ಅಂಗಡಿಗೂ ಅನ್ವಯಿಸುತ್ತದೆ. ಕಾಯಿಲೆ ಮುಂತಾದ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಕೊಡಲೇಬೇಕು, 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ ಬೇರೆ. ನಾನು ಒಂಬತ್ತು ವರ್ಷ ಹಿಡಿದುಕೊಂಡದ್ದು ಅವರ ಹಕ್ಕಿನ ದುಡ್ಡು. ಹತ್ತು ಜನರಿದ್ದರೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಬರುತ್ತದೆ: ನೌಕರನಿಂದ ಸಂಬಳದ ಶೇ 0.75, ಮಾಲೀಕನಿಂದ ಶೇ 3.25, ಕಾಯಿಲೆಗೆ ವರ್ಷದಲ್ಲಿ 91 ದಿನದವರೆಗೆ ಶೇ 70ರಷ್ಟು ಕೂಲಿ. ನಮ್ಮಲ್ಲಿ ಎಂಟೇ ಜನ, ಹಾಗಾಗಿ ಅದು ಇಲ್ಲ. ದೀರ್ಘ ಕಾಯಿಲೆ ಬಂದರೆ ಹನ್ನೆರಡು ದಿನ ಮುಗಿದ ಮೇಲೂ ಒಂದು ತಿಂಗಳು ಅರ್ಧ ಸಂಬಳ ಎಂದು ನಾನೇ ಬರೆದಿಟ್ಟೆ.

ಈಗ ಎರಡು ದಿನದವರೆಗೆ ಡಾಕ್ಟರ ಚೀಟಿ ಕೇಳುವುದಿಲ್ಲ. ಜ್ವರಕ್ಕೆ ಗಂಜಿ ಕುಡಿದು ಮಲಗುವವನನ್ನು ಚೀಟಿಗಾಗಿ ಬಸ್ಸಿನಲ್ಲಿ ಪೇಟೆಗೆ ಓಡಿಸುವುದು ಅನ್ಯಾಯ. ಕೇಳುವುದು ಇಷ್ಟೇ, ಏಳೂವರೆಯೊಳಗೆ ಒಂದು ಫೋನ್. ಆಗ ಗೊತ್ತಾದರೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸಲು ನನಗೆ ಎರಡು ಗಂಟೆ ಸಿಗುತ್ತದೆ. ಬಿಲ್ಲಿಂಗ್, ಕಾರ್ಬ್ಯುರೇಟರ್ ಬಿಚ್ಚುವುದು, ಸ್ಟಾಕ್, ಪ್ರತಿ ಕೆಲಸವೂ ಇಬ್ಬರಿಗೆ ಬರಬೇಕೆಂದು ಮಳೆಗಾಲದ ಕೊನೆಯ ಬಿಡುವಿನಲ್ಲಿ ಕಲಿಸಲು ಶುರು ಮಾಡಿದೆವು. ಮುಗಿಯಲು ಒಂದು ವರ್ಷವೇ ಹಿಡಿಯಿತು.

ಒಂದು ತಪ್ಪು ಮಾಡಿದೆ. ರಜೆ ಉಳಿಸಿದವರಿಗೆ ದೀಪಾವಳಿಗೆ ಹೆಚ್ಚುವರಿ ಹಣ ಎಂದೆ. ಸೆಪ್ಟೆಂಬರಿನಲ್ಲಿ ಒಬ್ಬ ಕೆಮ್ಮುತ್ತಲೇ ಬಂದ, ವಾರದಲ್ಲಿ ನಾಲ್ವರು ಮಲಗಿದರು. ಮರುವರ್ಷವೇ ಅದನ್ನು ನಿಲ್ಲಿಸಿದೆ. ಕಾಯಿಲೆ ರಜೆಗೆ ಬಹುಮಾನ ಕಟ್ಟಬಾರದು.

ತೋಟದ ಕೆಲಸಕ್ಕೆ ಗಳಿಕೆ ರಜೆ. ಮೇ ಕೊನೆಯಲ್ಲಿ ಎಲ್ಲರೂ ಕೂತು ಔಷಧಿ ಹೊಡೆಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಗುರುತಿಸುತ್ತೇವೆ. ಒಂದು ದಿನಕ್ಕೆ ಇಬ್ಬರು ಮಾತ್ರ; ಮಳೆ ಕೆಡಿಸಿದರೆ ಅಳಿಸಿ ಮುಂದಕ್ಕೆ. ನಲವತ್ತು ನಲವತ್ತೈದು ದಿನದ ನಂತರದ ಎರಡನೇ ಸಲದ ಔಷಧಿಗೂ ಅದೇ ಪಟ್ಟಿ. ಈಗ ತೋಟಕ್ಕೆ ಹೋಗುವವನು ತೋಟ ಎಂದೇ ಹೇಳುತ್ತಾನೆ.

ಕರೆಂಟ್ ಹೋಗಿ ಟವರ್ ಸತ್ತ ದಿನ ಫೋನ್ ಮಾಡುವುದು ಹೇಗೆ ಎಂದು ಮೇಲಿನ ಹಳ್ಳಿಯಿಂದ ಕೆಲಸಕ್ಕೆ ಬರುವ ಹುಡುಗಿ ಕೇಳಿದಳು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕೊಟ್ಟರಾಯಿತು ಎಂದೆ. ಕಳೆದ ಆಶ್ಲೇಷ ಮಳೆಯಲ್ಲಿ ಮೂರು ದಿನ ಟವರ್ ಇರಲಿಲ್ಲ. ಅವಳಿಗೆ ಜ್ವರ. ಮೊದಲ ದಿನವೇ, ಅಂಗಡಿ ಬಾಗಿಲು ತೆಗೆಯುವ ಮೊದಲೇ, ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಟಿ ಬಂತು.