ದೊಡ್ಡ ಗ್ರಾಂಟ್ ಇಲ್ಲದೆ ವಿದ್ಯಾರ್ಥಿ ಸಹಾಯಕರಿಗೆ ಸಂಬಳ ಹೊಂದಿಸಿದ್ದು: ನನ್ನ ಅನುಭವ

ಯೂನಿವರ್ಸಿಟಿಗೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಪದೇ ಪದೇ ಕೇಳುವ ಪ್ರಶ್ನೆ ಇದು. ದೊಡ್ಡ ಗ್ರಾಂಟ್ ಇನ್ನೂ ಸಿಕ್ಕಿಲ್ಲ, ವಿದ್ಯಾರ್ಥಿಗಳನ್ನು ರಿಸರ್ಚ್ ಅಸಿಸ್ಟೆಂಟ್ ಆಗಿ ತೆಗೆದುಕೊಳ್ಳುವುದು ಹೇಗೆ? ಖಂಡಿತ ಆಗುತ್ತದೆ. ನಾನು ಬಹಳ ಕಾಲ ಹಾಗೆಯೇ ನಡೆಸಿದ್ದೇನೆ. ಆದರೆ ಪೂರ್ತಿ ದುಡ್ಡು ಒಂದೇ ಕಡೆಯಿಂದ ಬರಲಿ ಅಂತ ಕಾಯಬಾರದು. ಅಲ್ಲಿಷ್ಟು ಇಲ್ಲಿಷ್ಟು ಸೇರಿಸಿಕೊಂಡು ಹೋಗಬೇಕು.

ಯಾರನ್ನಾದರೂ ದುಡ್ಡು ಕೇಳುವ ಮೊದಲು ನಾನು ಕೆಲಸವನ್ನು ಗಂಟೆಗಳಲ್ಲಿ ಲೆಕ್ಕ ಹಾಕುತ್ತೇನೆ. ರೆಕಾರ್ಡ್ ಮಾಡಿದ ಸಂದರ್ಶನಗಳನ್ನು ಕೇಳಿ ಬರೆದಿಡುವ ಕೆಲಸ ಅಂದುಕೊಳ್ಳಿ. ಒಂದು ಗಂಟೆಯ ಮಾತನ್ನು ಕೈಯಾರೆ ಬರೆದಿಡಲು ನಾಲ್ಕರಿಂದ ಆರು ಗಂಟೆ ಬೇಕು. ಒಂದೊಂದು ಗಂಟೆಯ 30 ಸಂದರ್ಶನಗಳಿದ್ದರೆ 120ರಿಂದ 180 ಗಂಟೆ ಆಯಿತು. ವಾರಕ್ಕೆ 10 ಗಂಟೆಯಂತೆ ಒಬ್ಬ ವಿದ್ಯಾರ್ಥಿಗೆ 12ರಿಂದ 18 ವಾರ ಹಿಡಿಯುತ್ತದೆ, ಅದರಲ್ಲಿ ಪರೀಕ್ಷೆಯ ವಾರಗಳನ್ನು ಕಳೆದರೆ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವುದು ಕಷ್ಟ ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ ದುಡ್ಡು ಕೊಡುವವರು ಮಾತು ಕೇಳುತ್ತಾರೆ. "ಒಬ್ಬ ಸಹಾಯಕ ಬೇಕು" ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಗಂಟೆಯ ಸಂಬಳದ ಮೇಲೆ ಸಂಸ್ಥೆ ಕಟ್ಟಬೇಕಾದ ವಿಮೆಯಂಥ ಪಾಲು ಇದೆಯಾ, ಓವರ್‌ಹೆಡ್ (ಆಡಳಿತದ ಖರ್ಚಿಗೆ ಅಂತ ಸಂಸ್ಥೆ ಹಿಡಿದುಕೊಳ್ಳುವ ಪಾಲು) ಸೇರುತ್ತದಾ ಅನ್ನುವುದನ್ನೂ ಆಗಲೇ ಫೈನಾನ್ಸ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಆಮೇಲೆ ಹತ್ತಿರದ ದುಡ್ಡು ಹುಡುಕುತ್ತೇನೆ. ಡಿಪಾರ್ಟ್‌ಮೆಂಟಿನ ಸಣ್ಣ ನಿಧಿ, ಡೀನ್ ಕಚೇರಿಯ ಸೀಡ್ ಗ್ರಾಂಟ್ (ಕೆಲಸ ಶುರು ಮಾಡಲು ಕೊಡುವ ಸಣ್ಣ ಗ್ರಾಂಟ್), ಹೊಸಬರಿಗೆ ಕೊಡುವ ಸ್ಟಾರ್ಟ್‌ಅಪ್ ಮೊತ್ತ, ಹಳೆಯ ಪ್ರಾಜೆಕ್ಟ್‌ಗಳ ಓವರ್‌ಹೆಡ್‌ನಲ್ಲಿ ಡಿಪಾರ್ಟ್‌ಮೆಂಟಿಗೆ ವಾಪಸ್ ಬರುವ ಪಾಲು. ಇವೆಲ್ಲ ಚಿಕ್ಕ ಮೊತ್ತಗಳೇ. ಆದರೆ ಬೇಗ ಸಿಗುತ್ತವೆ, ಅರ್ಜಿ ಒಂದೆರಡು ಪುಟ ಇದ್ದರೆ ಸಾಕು. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಖರ್ಚಾಗದೆ ಉಳಿದ ದುಡ್ಡು ಇರುತ್ತದೆ, ಅದು ಎಲ್ಲಿದೆ ಅಂತ ಆಫೀಸಿನಲ್ಲಿ ಲೆಕ್ಕ ನೋಡುವವರಿಗೆ ಗೊತ್ತಿರುತ್ತದೆ. ಅವರನ್ನು ನೇರವಾಗಿ ಹೋಗಿ ಕೇಳಿ. ನನಗೆ ಅವರಿಂದ ಆದ ಸಹಾಯ ತುಂಬಾ ದೊಡ್ಡದು.

ಈಗಾಗಲೇ ಒಂದು ಗ್ರಾಂಟ್ ನಡೆಯುತ್ತಿದ್ದರೆ ಅದಕ್ಕೇ ಹೆಚ್ಚುವರಿ ಕೇಳಬಹುದಾ ನೋಡಿ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1987ರಿಂದ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಅಂತಲೇ ಆರ್‌ಇಯು ಅನ್ನುವ ಕಾರ್ಯಕ್ರಮ ನಡೆಸುತ್ತಿದೆ. ನಡೆಯುತ್ತಿರುವ ಗ್ರಾಂಟಿಗೆ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅದರಲ್ಲಿ ಪೂರಕ ಹಣ ಕೇಳಬಹುದು. ಬೇರೆ ಸಂಸ್ಥೆಗಳಲ್ಲೂ ಇಂಥ ದಾರಿ ಇರುತ್ತದೆ, ನಿಯಮದ ಪುಸ್ತಕದ ಒಳಗೆಲ್ಲೋ ಇರುವುದರಿಂದ ಯಾರೂ ಓದುವುದಿಲ್ಲ ಅಷ್ಟೇ. ಹೊಸ ಅರ್ಜಿ ಬರೆಯುವಾಗಲಂತೂ ವಿದ್ಯಾರ್ಥಿಗಳ ಸಂಬಳವನ್ನು ಬಜೆಟ್ಟಿನ ಮೊದಲ ಸಾಲುಗಳಲ್ಲೇ ಹಾಕಿ. ಕೊನೆಗೆ ಉಳಿದರೆ ನೋಡೋಣ ಅಂದುಕೊಂಡರೆ ಉಳಿಯುವುದೇ ಇಲ್ಲ.

ಇನ್ನೊಂದು ದಾರಿಯಲ್ಲಿ ದುಡ್ಡು ವಿದ್ಯಾರ್ಥಿಯ ಜೊತೆಗೇ ಬರುತ್ತದೆ. ಅಮೆರಿಕದಲ್ಲಿ 1964ರ ಕಾನೂನಿನಿಂದ ಶುರುವಾದ ವರ್ಕ್-ಸ್ಟಡಿ ಯೋಜನೆ ಹೀಗೇ. ಆರ್ಥಿಕ ಅಗತ್ಯ ಇರುವ ವಿದ್ಯಾರ್ಥಿಗೆ ಕೆಲಸ ಕೊಟ್ಟರೆ ಸಾಮಾನ್ಯವಾಗಿ ಸಂಬಳದ ಶೇ. 75ರವರೆಗೆ ಕೇಂದ್ರ ಸರ್ಕಾರ ಭರಿಸುತ್ತದೆ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿ ನಡೆಸುವ ರೈಸ್ ಕಾರ್ಯಕ್ರಮದಲ್ಲಿ ಅಲ್ಲಿನ ಸಂಶೋಧಕರು ತಮ್ಮ ಪ್ರಾಜೆಕ್ಟನ್ನು ಮೊದಲೇ ಪ್ರಕಟಿಸುತ್ತಾರೆ, ಕೆಲವು ದೇಶಗಳ ಪದವಿ ವಿದ್ಯಾರ್ಥಿಗಳು ಅದಕ್ಕೆ ಅರ್ಜಿ ಹಾಕಿ ಬೇಸಿಗೆಯಲ್ಲಿ ಸ್ಕಾಲರ್‌ಶಿಪ್ ಪಡೆದು ಬರುತ್ತಾರೆ. ನಿಮ್ಮ ಯೂನಿವರ್ಸಿಟಿಯಲ್ಲಿ ಬೇಸಿಗೆ ಫೆಲೋಶಿಪ್ ಇದ್ದರೆ ಅರ್ಜಿ ಬರೆಯಲು ವಿದ್ಯಾರ್ಥಿಯ ಜೊತೆ ಕೂತುಕೊಳ್ಳಿ. ನಾನು ಪ್ರಶ್ನೆ ಕೇಳುತ್ತೇನೆ, ಬರೆಯುವುದು ಅವರೇ. ಫೆಲೋಶಿಪ್ ಅವರ ಹೆಸರಿನಲ್ಲಿ ಬಂದರೆ ಮುಂದೆ ಅವರಿಗೇ ಅನುಕೂಲ ಅಲ್ವಾ?

ಸಂಬಳದ ಬದಲು ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಅಂಕ) ಕೊಟ್ಟು ಕೆಲಸ ಮಾಡಿಸುವುದೂ ಇದೆ. ಎಂಐಟಿಯಲ್ಲಿ 1969ರಲ್ಲಿ ಶುರುವಾದ ಯುಆರ್‌ಒಪಿ (UROP) ಅನ್ನುವ ಪದವಿ ವಿದ್ಯಾರ್ಥಿಗಳ ಸಂಶೋಧನಾ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಸಂಬಳಕ್ಕೂ ಸೇರಬಹುದು, ಕ್ರೆಡಿಟ್‌ಗೂ ಸೇರಬಹುದು, ಸ್ವಯಂಸೇವಕರಾಗಿಯೂ ಸೇರಬಹುದು. ವಿದ್ಯಾರ್ಥಿ ನಿಜಕ್ಕೂ ಕಲಿಯುತ್ತಿದ್ದರೆ, ಅವರದೇ ಆದ ಒಂದು ಪ್ರಶ್ನೆ ಇದ್ದರೆ, ಕ್ರೆಡಿಟ್ ಸರಿ. ದಿನವಿಡೀ ಡೇಟಾ ತುಂಬಿಸುವ ಕೆಲಸಕ್ಕೆ ಕ್ರೆಡಿಟ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸುಮ್ನೆ ಅನುಭವ ಸಿಗುತ್ತದೆ ಅಂತ ಬಿಟ್ಟಿಯಾಗಿ ಕರೆದರೆ ಬರುವುದು ಯಾರು ಹೇಳಿ? ಮನೆಯಿಂದ ದುಡ್ಡು ಬರುವವರು ಮಾತ್ರ. ಸಂಜೆ ಬೇರೆ ಕಡೆ ದುಡಿದು ಫೀಸು ಕಟ್ಟುವ ವಿದ್ಯಾರ್ಥಿ, ಎಷ್ಟೇ ಚುರುಕಾಗಿದ್ದರೂ, ನಮ್ಮ ಬಾಗಿಲಿಗೆ ಬರುವುದೇ ಇಲ್ಲ. ನಾನು ಇಷ್ಟೆಲ್ಲ ಓಡಾಡಿ ದುಡ್ಡು ಹೊಂದಿಸುವುದು ಅವರಿಗೋಸ್ಕರ.

ಹೊಂದಿಸುವಾಗ ಎಚ್ಚರ ಬೇಕು. ಒಂದೇ ಗಂಟೆಯ ಕೆಲಸವನ್ನು ಎರಡು ನಿಧಿಗಳಲ್ಲಿ ತೋರಿಸುವ ಹಾಗಿಲ್ಲ. ಅದಕ್ಕೇ ನಾನು ತಿಂಗಳುಗಳನ್ನು ಹಂಚುತ್ತೇನೆ: ಸೆಮಿಸ್ಟರ್‌ನಲ್ಲಿ ಡಿಪಾರ್ಟ್‌ಮೆಂಟಿನ ದುಡ್ಡು, ರಜೆಯಲ್ಲಿ ಫೆಲೋಶಿಪ್, ನಡುವೆ ಖಾಲಿ ಬಿದ್ದ ವಾರಗಳಿಗೆ ಸೀಡ್ ಗ್ರಾಂಟ್. ವಿದೇಶಿ ವಿದ್ಯಾರ್ಥಿಗಳಿಗೆ ವೀಸಾದ ಮಿತಿ ಇರುತ್ತದೆ. ಉದಾಹರಣೆಗೆ ಅಮೆರಿಕದ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಫೆಲೋಶಿಪ್ ಇರುವವರಿಗೆ ಬೇರೆ ಸಂಬಳ ತೆಗೆದುಕೊಳ್ಳಲು ಅನುಮತಿ ಬೇಕಾಗಬಹುದು. ನೇಮಕದ ಪತ್ರ ಕೈಗೆ ಬರುವವರೆಗೆ ನಾನು ಕೆಲಸ ಶುರು ಮಾಡಿಸುವುದಿಲ್ಲ, ಎಷ್ಟೇ ಅವಸರವಿದ್ದರೂ.

ಸಣ್ಣ ನಿಧಿ ಕೊಟ್ಟವರಿಗೆ ವರ್ಷದ ಕೊನೆಗೆ ಒಂದು ಪುಟದ ವರದಿ ಕಳಿಸುತ್ತೇನೆ, ಅವರು ಕೇಳದಿದ್ದರೂ. ಅದನ್ನು ವಿದ್ಯಾರ್ಥಿಯಿಂದಲೇ ಬರೆಸುತ್ತೇನೆ: ಏನು ಮಾಡಿದೆ, ಏನು ಕಲಿತೆ, ಏನು ಬಾಕಿ ಇದೆ. ಮುಂದಿನ ವರ್ಷ ಮತ್ತೆ ಕೇಳಲು ಹೋದಾಗ ಆ ಪುಟವನ್ನೇ ಅರ್ಜಿಯ ಜೊತೆ ಇಡುತ್ತೇನೆ.