ಪೆನ್ನಿ ಒತ್ತಿಸುವ ಮುನ್ನ ಇಸವಿ ನೋಡಿ

ಅಮೆರಿಕದಲ್ಲಿ ಮೃಗಾಲಯ, ಮ್ಯೂಸಿಯಂ, ಡಿಸ್ನಿಲ್ಯಾಂಡ್ ಎಂದು ಮಕ್ಕಳನ್ನು ಕರೆದುಕೊಂಡು ಹೊರಟರೆ ಎಲ್ಲಾದರೊಂದು ಮೂಲೆಯಲ್ಲಿ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಒತ್ತುವ ಯಂತ್ರ ಸಿಗುತ್ತದೆ. ಸಾಮಾನ್ಯವಾಗಿ ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ), ಒಂದು ಪೆನ್ನಿ ಹಾಕಿ ಹಿಡಿ ತಿರುಗಿಸಬೇಕು. ಗುಂಡನೆಯ ನಾಣ್ಯ ಚಪ್ಪಟೆಯಾಗಿ, ಉದ್ದಕ್ಕೆ ಹಿಗ್ಗಿ, ಆ ಜಾಗದ ಚಿತ್ರ ಹೊತ್ತು ಕೆಳಗೆ ಬೀಳುತ್ತದೆ. ಷಿಕಾಗೋದ 1893ರ ವಿಶ್ವಮೇಳದಿಂದಲೂ ಇದು ನಡೆದುಬಂದಿದೆ. ಅಚ್ಚು ಎಷ್ಟೇ ಚೆನ್ನಾಗಿರಲಿ, ಪೆನ್ನಿ ಸರಿಯಿಲ್ಲದಿದ್ದರೆ ಕೆಲಸ ಕೆಟ್ಟಿತು.

ಹಾಗಾಗಿ ನಾಣ್ಯಗಳನ್ನು ಹಿಂದಿನ ರಾತ್ರಿಯೇ ಆರಿಸಿಡುತ್ತೇನೆ. 1962ರಿಂದ 1981ರವರೆಗಿನವು ಉತ್ತಮ, ಅವುಗಳಲ್ಲಿ ಶೇ. 95 ತಾಮ್ರ, ಉಳಿದದ್ದು ಸತು. 1982ರ ನಡುವಿನಲ್ಲಿ ಟಂಕಸಾಲೆ ಲೋಹ ಬದಲಿಸಿತು: ಒಳಗೆಲ್ಲ ಸತು, ಮೇಲೆ ತಾಮ್ರದ ತೆಳು ಲೇಪ. ರೋಲರ್ ನಡುವೆ ಹಿಗ್ಗುವಾಗ ಈ ಲೇಪ ಹರಿದು ಚಿತ್ರದ ಮೇಲೆಲ್ಲ ಬೂದು ಗೀರುಗಳು ಏಳುತ್ತವೆ. 1982ರದ್ದೇ ಕೈಗೆ ಬಂದರೆ ಕಲ್ಲಿನ ಕಟ್ಟೆಯ ಮೇಲೆ ಬೀಳಿಸಿ ನೋಡಿ. ತಾಮ್ರದ್ದು ಟಿಣ್ ಎನ್ನುತ್ತದೆ, ಸತುವಿನದು ಟಪ್. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಿದ್ದರೆ ಅನುಮಾನವೇ ಬೇಡ: 3.11 ಗ್ರಾಂ ಇದ್ದರೆ ತಾಮ್ರ, 2.5 ಇದ್ದರೆ ಸತು. ಫ್ರಿಜ್ಜಿನ ಆಯಸ್ಕಾಂತಕ್ಕೆ ಅಂಟಿಕೊಂಡದ್ದನ್ನು ಪಕ್ಕಕ್ಕಿಡಿ. ಅದು ಕೆನಡಾದ್ದೋ 1943ರದ್ದೋ ಆಗಿರುತ್ತದೆ, ಒಳಗೆ ಉಕ್ಕು. ನಮ್ಮ ರೂಪಾಯಿಯನ್ನೂ ಒತ್ತಿಸೋಣ ಎಂದು ಮಕ್ಕಳು ಹಟ ಹಿಡಿಯುವುದುಂಟು. ಬೇಡ. ಅದು ಸ್ಟೇನ್‌ಲೆಸ್ ಸ್ಟೀಲು.

ತೊಳೆಯಲು ವಿನಿಗರ್ ಎನ್ನುತ್ತಾರೆ. ತಾಮ್ರದ ಚೊಂಬು ಬೆಳಗಿ ಗೊತ್ತಿರುವ ನಮಗೆ ಹುಣಸೆಹಣ್ಣು, ಚಿಟಿಕೆ ಉಪ್ಪು ಸಾಕು. ಉಜ್ಜಿ, ಹುಳಿ ಪೂರ್ತಿ ಹೋಗುವಂತೆ ತೊಳೆದು, ಕೂಡಲೇ ಒರೆಸಿ ಒಣಗಿಸಿ. ಹುಳಿ ಉಳಿದರೆ ಕಿಲುಬು ಹಿಡಿಯುತ್ತದೆ.

ಯಂತ್ರದ ಮುಂದೆ ಮೊದಲು ಚಿತ್ರ ಆರಿಸಿ. ಎಷ್ಟೋ ಯಂತ್ರಗಳಲ್ಲಿ ಹಿಡಿ ತಿರುಗಿಸಿ ಮುಳ್ಳನ್ನು ಬೇಕಾದ ಚಿತ್ರಕ್ಕೆ ತಂದು ನಿಲ್ಲಿಸಬೇಕು. ಆಮೇಲೆ ನಾಣ್ಯಗಳನ್ನು ಕಂಡಿಯಲ್ಲಿಟ್ಟು ತಟ್ಟೆಯನ್ನು ಕೊನೆಯವರೆಗೂ ಒಳಕ್ಕೆ ತಳ್ಳಿ, ಹೊರಕ್ಕೆ ಎಳೆಯಿರಿ. ಅರ್ಧಕ್ಕೆ ಬಿಟ್ಟರೆ ನಾಣ್ಯ ಒಳಗೆ ಬೀಳುವುದೇ ಇಲ್ಲ. ಹಿಡಿ ಮೊದಲು ಹಗುರವಾಗಿಯೇ ತಿರುಗುತ್ತದೆ. ರೋಲರ್ ಪೆನ್ನಿಯನ್ನು ಕಚ್ಚಿದ ತಕ್ಷಣ ಭಾರವಾಗುತ್ತದೆ. ಚಿಕ್ಕ ಮಕ್ಕಳು ಕೈಬಿಡುವುದು ಅಲ್ಲೇ, ಅವರ ಕೈ ಮೇಲೆ ನಿಮ್ಮ ಕೈಯಿರಲಿ. ಬಿಗಿಯಾಯಿತೆಂದು ಹಿಂದಕ್ಕೆ ತಿರುಗಿಸಿದರೆ ನಾಣ್ಯ ಒಳಗೇ ಸಿಕ್ಕಿಕೊಳ್ಳಬಹುದು. ಹೊರಬಿದ್ದ ಪೆನ್ನಿ ಕೈಗೆ ತುಸು ಬೆಚ್ಚಗಿರುತ್ತದೆ. ಹಿಂಬದಿಯಲ್ಲಿ ಕೆಲವೊಮ್ಮೆ ಪೆನ್ನಿಯ ಮೇಲಿದ್ದ ಲಿಂಕನ್ನನ ಮುಖ ರಬ್ಬರಿನಂತೆ ಎಳೆದುಕೊಂಡು ಕಾಣುತ್ತದೆ. ಅದು ಬೇಡವಾದರೆ ಸವೆದ ನಾಣ್ಯ ಹಾಕಬೇಕು. ಮಕ್ಕಳಿಗಂತೂ ಆ ಮುಖವೇ ಇಷ್ಟ.

ಇದು ಕಾನೂನಿಗೆ ವಿರುದ್ಧವಲ್ಲ. ಅಲ್ಲಿ ಶಿಕ್ಷೆಯಿರುವುದು ಮೋಸಕ್ಕಾಗಿ ನಾಣ್ಯ ತಿದ್ದಿದರೆ. ಚಲಾವಣೆಗಾಗಿ ಪೆನ್ನಿ ಅಚ್ಚು ಹಾಕುವುದು 2025ರ ನವೆಂಬರಿನಲ್ಲಿ ನಿಂತಿದೆ, ಆದ್ದರಿಂದ ಹಳೆಯ ತಾಮ್ರದವು ಸಿಕ್ಕಾಗ ಡಬ್ಬಿಗೆ ಹಾಕಿಡಿ.

ಒಯ್ಯಲು ಎಂ ಅಂಡ್ ಎಂ ಮಿನಿಸ್ ಮಿಠಾಯಿಯ ಖಾಲಿ ಕೊಳವೆ ಒಳ್ಳೆಯದು: ಎರಡು ಕ್ವಾರ್ಟರ್, ಒಂದು ಪೆನ್ನಿ, ಮತ್ತೆ ಎರಡು ಕ್ವಾರ್ಟರ್ ಎಂದು ಪೇರಿಸಿ. ಒತ್ತಿಸಿದವುಗಳನ್ನು ಅದಕ್ಕೇ ತುರುಕಬೇಡಿ, ಒಂದಕ್ಕೊಂದು ತಿಕ್ಕಿ ಗೀರು ಬೀಳುತ್ತದೆ. ಆಲ್ಬಮ್ ಕೊಳ್ಳುವಾಗ ಪಿವಿಸಿ ಜೇಬಿನದು ಬೇಡ. ಕಾಲಕ್ರಮೇಣ ತಾಮ್ರದ ಮೇಲೆ ಹಸಿರು ಅಂಟು ಕೂರುತ್ತದೆ.