ಹಾಟ್ ಯೋಗದಲ್ಲಿ ಕಾಲು ಜಾರುತ್ತಾ? ಮ್ಯಾಟ್ ಬದಲಿಸುವ ಮೊದಲು ಪಾದ ನೋಡಿ

ಹಾಟ್ ಯೋಗ ಅಂದರೆ ಬಿಸಿ ಮಾಡಿದ ಕೋಣೆಯಲ್ಲಿ ಮಾಡುವ ಯೋಗ. ತರಗತಿಯ ಮೊದಲ ಹತ್ತು ನಿಮಿಷ ಏನೂ ತೊಂದರೆ ಇರುವುದಿಲ್ಲ. ಬೆವರು ಬೆನ್ನಿನಿಂದ ಇಳಿದು, ಮೀನಖಂಡದ ಮೇಲೆ ಹರಿದು, ಹಿಮ್ಮಡಿ ಮುಟ್ಟಿದಾಗ ತಕರಾರು ಶುರು. ತ್ರಿಕೋನಾಸನಕ್ಕೆಂದು ಅಗಲಿಸಿದ ಕಾಲು ಅಗಲುತ್ತಲೇ ಹೋಗುತ್ತದೆ. ಹಿಡಿದ ಪಾದ ಕೈಯಿಂದ ನುಣುಚಿಕೊಳ್ಳುತ್ತದೆ.

ಯೋಗ ಶಿಕ್ಷಕ ಬಿಕ್ರಂ ಚೌಧುರಿ ಹೆಸರುವಾಸಿ ಮಾಡಿದ ಹಾಟ್ ಯೋಗ ಪದ್ಧತಿಯಲ್ಲಿ ಕೋಣೆಯ ಶಾಖ ಸುಮಾರು 40 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 40. ಒಟ್ಟು 90 ನಿಮಿಷ, 2 ಉಸಿರಾಟದ ಅಭ್ಯಾಸವೂ ಸೇರಿ 26 ಭಂಗಿ. ಮೊದಲರ್ಧ ಪೂರ್ತಿ ನಿಂತೇ ಮಾಡುವುದು. ಅಂದರೆ ಬೆವರು ಕಿತ್ತುಕೊಂಡು ಬರುವ ಹೊತ್ತಿಗೆ ನಿಮ್ಮ ಇಡೀ ಭಾರ ಪಾದದ ಮೇಲೇ ಇರುತ್ತದೆ.

ಒಂದು ವಿಷಯ ಗಮನಿಸಿ. ಚೂರು ತೇವ ಇದ್ದರೆ ಚರ್ಮದ ಹಿಡಿತ ಹೆಚ್ಚುತ್ತದೆ. ನೋಟು ಎಣಿಸುವವರು ಬೆರಳು ಒದ್ದೆ ಮಾಡಿಕೊಳ್ಳುವುದು ಇದಕ್ಕೇ. ಆದರೆ ಅಂಗಾಲಿಗೂ ಮ್ಯಾಟಿಗೂ ನಡುವೆ ನೀರಿನ ಪದರವೇ ನಿಂತರೆ ಆ ಹಿಡಿತ ಹೋಗುತ್ತದೆ. ಅದಕ್ಕೇ ಪಾದವನ್ನು ಒಣಗಿಸಿಡಬೇಕು ಅಂತ ಒದ್ದಾಡಬೇಡಿ. ಆ ಶಾಖದಲ್ಲಿ ಅದು ಆಗದ ಮಾತು. ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು.

1. ಹಾಸು ಸರಿ ಮಾಡಿಕೊಳ್ಳಿ

ಮಾಮೂಲಿ ಪಿವಿಸಿ ಮ್ಯಾಟ್ ಬೆವರು ಹೀರುವುದಿಲ್ಲ. ಅದರ ಮೇಲೆ ಮ್ಯಾಟಿನಷ್ಟೇ ಉದ್ದದ ಮೈಕ್ರೊಫೈಬರ್ ಟವೆಲ್ ಹಾಸಿ. ಇಲ್ಲೊಂದು ಗುಟ್ಟಿದೆ: ಈ ಟವೆಲ್ ಒಣಗಿದ್ದಾಗ ಜಾರುತ್ತದೆ, ಒದ್ದೆಯಾದಾಗ ಹಿಡಿಯುತ್ತದೆ. ಹಾಗಾಗಿ ಶುರು ಮಾಡುವ ಮೊದಲೇ ಪಾದ ಬರುವ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಹತ್ತಿಯ ರಗ್ ಕೂಡ ಇದೇ ಜಾತಿ. ಅಷ್ಟಾಂಗ ಯೋಗ ಕಲಿಯಲು ಮೈಸೂರಿನ ಗೋಕುಲಂಗೆ ಬರುವ ವಿದೇಶಿಯರು ಮ್ಯಾಟ್ ಮೇಲೆ ಇಂಥ ರಗ್ ಹಾಸಿಕೊಳ್ಳುವುದನ್ನು ನೀವು ನೋಡಿರಬಹುದು. ಹೊರದೇಶಗಳಲ್ಲಿ ಇದಕ್ಕೆ 'ಮೈಸೂರು ರಗ್' ಎಂದೇ ಹೆಸರು.

ಕಾಲು ಅಗಲಿಸಿದಾಗ ಎರಡೂ ಪಾದ ಒಂದೇ ಹಾಸಿನ ಮೇಲಿರಲಿ. ಒಂದು ಟವೆಲ್ ಮೇಲೆ, ಇನ್ನೊಂದು ನೆಲದ ಮೇಲೆ ಇದ್ದರೆ ಯಾವುದು ಯಾವಾಗ ಜಾರುತ್ತದೆ ಅಂತ ಹೇಳಲಾಗುವುದಿಲ್ಲ.

ಪೌಡರ್ ಹಾಕಿಕೊಳ್ಳುವವರಿದ್ದಾರೆ. ಬೇಡ. ಬೆವರು ಸೇರಿದರೆ ಅದು ಅಂಗಾಲಿನಡಿ ಲೇಪವಾಗುತ್ತದೆ ಅಷ್ಟೆ. ತರಗತಿಗೆ ಮುಂಚೆ ಕಾಲಿಗೆ ಕೊಬ್ಬರಿ ಎಣ್ಣೆ, ಲೋಶನ್ ಕೂಡ ಬೇಡ. ಭಾನುವಾರದ ಎಣ್ಣೆಸ್ನಾನ ಮುಗಿಸಿ ಸೀದಾ ತರಗತಿಗೆ ಹೋಗುವುದಿದ್ದರೆ ಅಂಗಾಲನ್ನು ಸೋಪು ಹಾಕಿ ಚೆನ್ನಾಗಿ ಉಜ್ಜಿಕೊಂಡೇ ಹೊರಡಿ.

2. ಪಾದ ಊರುವುದನ್ನು ಕಲಿಯಿರಿ

ನನ್ನ ಪ್ರಕಾರ ಅರ್ಧಕ್ಕರ್ಧ ಜಾರಾಟಕ್ಕೆ ಮದ್ದು ಇಲ್ಲೇ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ನಿಂತು ಮಾಡುವ ಆಸನಗಳನ್ನು ಪಾದದಿಂದಲೇ ಸರಿಪಡಿಸುತ್ತಾ ಬರುತ್ತಾರೆ. ಮನೆಯಲ್ಲಿ, ತಣ್ಣಗಿನ ನೆಲದ ಮೇಲೆ, ಬರಿಗಾಲಲ್ಲಿ ಮಾಡಿ ನೋಡಿ.

ನೆಟ್ಟಗೆ ನಿಲ್ಲಿ. ಹತ್ತೂ ಬೆರಳನ್ನು ಮೇಲೆತ್ತಿ. ಈಗ ಭಾರ ಮೂರು ಕಡೆ ಬಿದ್ದಿರುತ್ತದೆ: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿಯ ನಡುಭಾಗ. ಅಂಗಾಲಿನ ಒಳಬದಿಯ ಕಮಾನು ತಾನಾಗಿ ಮೇಲೇಳುತ್ತದೆ. ಆ ಕಮಾನು ಕುಸಿಯದಂತೆ ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ಕೆಳಗಿಡಿ.

ಜಾರುವ ಭಯ ಬಂದ ಕೂಡಲೇ ನಾವೆಲ್ಲ ಮಾಡುವುದು ಇದರ ಉಲ್ಟಾ. ಬೆರಳು ಮಡಚಿ ಮ್ಯಾಟನ್ನು ಕಚ್ಚಿ ಹಿಡಿಯುತ್ತೇವೆ. ಆಗ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ, ಬುಡ ಎದ್ದುಬಿಡುತ್ತದೆ. ಅಂಗಾಲಿನಲ್ಲಿ ಸೆಳೆತ ಬರುವುದೂ ಆಗಲೇ. ಇನ್ನೊಂದು ಮಾತು: ಅಂಗೈ, ಅಂಗಾಲು ಶಾಖಕ್ಕೆ ಮಾತ್ರವಲ್ಲ, ಗಾಬರಿಗೂ ಬೆವರುತ್ತವೆ. ಹೆದರಿದಷ್ಟೂ ಜಾರಿಕೆ ಜಾಸ್ತಿ.

3. ಅಂತರ ಕಡಿಮೆ ಮಾಡಿ, ಒಳಕ್ಕೆ ಎಳೆಯಿರಿ

ತ್ರಿಕೋನಾಸನಕ್ಕೆ 'ನಾಲ್ಕು ಅಡಿ' ಎನ್ನುತ್ತಾರೆ. ಎಲ್ಲರ ಕಾಲೂ ಒಂದೇ ಉದ್ದವಾ? ಕಾಲಿನ ಉದ್ದ 3 ಅಡಿ ಎಂದುಕೊಳ್ಳಿ. ಪಾದಗಳ ನಡುವೆ 3 ಅಡಿ ಬಿಟ್ಟರೆ ಒಂದೊಂದು ಕಾಲೂ ಸುಮಾರು 30 ಡಿಗ್ರಿ ವಾಲಿರುತ್ತದೆ. ಅಂತರ ನಾಲ್ಕೂಕಾಲು ಅಡಿ ಆದರೆ 45 ಡಿಗ್ರಿ. ಸುಮ್ನೆ ಭಾರ ಬಿಟ್ಟು ನಿಂತರೆ ಪಾದವನ್ನು ಹೊರಕ್ಕೆ ನೂಕುವ ಬಲ ಆಗ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಯಾವ ಮ್ಯಾಟ್ ತಂದರೂ ಒದ್ದೆಯಲ್ಲಿ ಅಷ್ಟನ್ನು ತಡೆಯುವುದು ಕಷ್ಟ, ಅಲ್ವಾ?

ಹಾಗಾಗಿ ಒಂದು ಗೇಣು ಒಳಗೆ ಬನ್ನಿ. ಆಮೇಲೆ ಎರಡೂ ಪಾದಗಳಿಂದ ನಡುವಿನ ಟವೆಲನ್ನು ಸುಕ್ಕು ಮಾಡುವವರ ಹಾಗೆ ಒಳಕ್ಕೆ ಎಳೆಯಿರಿ. ಪಾದ ಕದಲಬಾರದು, ಎಳೆತ ಮಾತ್ರ ಇರಬೇಕು. ಒಳತೊಡೆ ಬಿಗಿಯಾದದ್ದು ನಿಮಗೇ ಗೊತ್ತಾಗುತ್ತದೆ. ಹಿಂದಿನ ಪಾದದ ಹೊರ ಅಂಚನ್ನು ಒತ್ತಿ ಹಿಡಿಯಿರಿ. ಅದು ಎದ್ದರೆ ಜಾರುವುದು ಖಂಡಿತ.

ಮಡಚಿದ ಮಂಡಿ ಎರಡನೇ ಬೆರಳಿನ ದಿಕ್ಕಿಗೇ ಇರಲಿ. ಪಾದ ಒಂದು ಕಡೆ, ಮಂಡಿ ಇನ್ನೊಂದು ಕಡೆ ಆದಾಗ ಜಾರಿದರೆ ಪೆಟ್ಟು ಮಂಡಿಯ ಒಳಬದಿಗೇ. ಜಾರುತ್ತಿದೆ ಅನ್ನಿಸಿದ ತಕ್ಷಣ ಮಂಡಿ ಮಡಚಿ, ಕೈ ಊರಿ, ಹೊರಬನ್ನಿ. 'ಇನ್ನೂ ಸ್ವಲ್ಪ' ಎಂದು ಹುರಿದುಂಬಿಸುವ ಶಿಕ್ಷಕರ ಮಾತನ್ನು ಆ ಗಳಿಗೆಯಲ್ಲಿ ಕೇಳಲೇಬೇಕೆಂದೇನಿಲ್ಲ.

4. ಕೈಯಲ್ಲಿ ಹಿಡಿದ ಪಾದ

ಒಂಟಿಕಾಲಲ್ಲಿ ನಿಂತು ಮಾಡುವ ಎರಡು ಆಸನ ನೋಡಿ: ದಂಡಾಯಮಾನ ಜಾನುಶೀರ್ಷಾಸನದಲ್ಲಿ ಮುಂದಕ್ಕೆ ಎತ್ತಿದ ಪಾದ, ದಂಡಾಯಮಾನ ಧನುರಾಸನದಲ್ಲಿ ಹಿಂದಕ್ಕೆ ಹಿಡಿದ ಪಾದ – ಎರಡೂ ಜಾರುವುದರಲ್ಲಿ ನಿಸ್ಸೀಮ. ಕೈ ಒರೆಸುವ ಚಿಕ್ಕ ಟವೆಲೊಂದನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಪಾದಕ್ಕೆ ಅದನ್ನು ಸುತ್ತಿ, ಟವೆಲ್ ಮೇಲಿಂದಲೇ ಹಿಡಿಯಿರಿ. ಆಸನಕ್ಕೆ ಮುಂಚೆ ಅಂಗಾಲಿಗಿಂತ ಮೊದಲು ಮೀನಖಂಡ ಒರೆಸಿ, ಬೆವರಿನ ಧಾರೆ ಬರುವುದೇ ಅಲ್ಲಿಂದ. ಊರಿದ ಕಾಲಿನ ಮಂಡಿ ಸ್ಥಿರವಾಗದೆ ಎತ್ತಿದ ಕಾಲನ್ನು ಚಾಚಲು ಹೋಗಬೇಡಿ.

ಗರುಡಾಸನದಲ್ಲಿ ಮಾತ್ರ ಬೆವರಿಗೆ ಥ್ಯಾಂಕ್ಸ್ ಹೇಳಬೇಕು. ಕಾಲಿಗೆ ಕಾಲು ಹೆಣೆಯುವುದು ಸಲೀಸು. ಅಷ್ಟಾಂಗದವರು ಗರ್ಭಪಿಂಡಾಸನದಲ್ಲಿ ಕಾಲುಗಳ ನಡುವೆ ಕೈ ತೂರಿಸಲು ನೀರನ್ನೇ ಚಿಮುಕಿಸಿಕೊಳ್ಳುತ್ತಾರೆ.

5. ಆಮೇಲೆ

ತಲೆ ಸುತ್ತಿದರೆ ಕೂತುಬಿಡಿ. ಗರ್ಭಿಣಿಯರು, ಹೃದಯ, ಬಿಪಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಶಾಖಕ್ಕೆ ಇಳಿಯಬಾರದು.

ಟವೆಲನ್ನು ಪ್ರತಿಸಲ ಒಗೆಯಿರಿ, ಆದರೆ ಬಟ್ಟೆ ಮೃದುಮಾಡುವ ಕಂಡಿಷನರ್ ಹಾಕಬೇಡಿ. ಅದು ಎಳೆಗಳಿಗೆ ಅಂಟಿಕೊಂಡು ಟವೆಲ್ ಬೆವರು ಹೀರುವುದನ್ನೇ ನಿಲ್ಲಿಸುತ್ತದೆ. ಮ್ಯಾಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸುತ್ತಿಡುವ ಮೊದಲು ಪೂರ್ತಿ ಆರಲು ಬಿಡಿ. ರಬ್ಬರ್ ಮ್ಯಾಟ್ ಆದರೆ ನೆರಳಲ್ಲಿ. ಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ಪುಡಿ ಉದುರಲು ಶುರುವಾಗುತ್ತದೆ.